ವಿಕಲಚೇತನ ಚಾಲಕರಿಗೆ ಪಾರ್ಕಿಂಗ್ ಜಾಗ: ಬೆಂಗಳೂರಿನ ಕಟ್ಟಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡದ ನಕ್ಷೆ ನೋಡಿ, ವಿಕಲಚೇತನರಿಗೆ ಎಲ್ಲಿ ತೊಡಕಾಗುತ್ತದೆ ಎಂದು ತೋರಿಸಿಕೊಡುವುದು ನನ್ನ ಕೆಲಸ. ವಾಸ್ತುಶಿಲ್ಪಿಗಳು, ಅಪಾರ್ಟ್‌ಮೆಂಟ್ ಸಂಘದವರು, ಕಲ್ಯಾಣ ಮಂಟಪದ ಮಾಲೀಕರು, ಕ್ಲಿನಿಕ್ ನಡೆಸುವ ವೈದ್ಯರು ಪಾರ್ಕಿಂಗ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳ ಉತ್ತರ ಇಲ್ಲಿದೆ. ನಿಯಮ ಯಾವುದು, ನನ್ನ ಅಭಿಪ್ರಾಯ ಯಾವುದು ಎಂಬುದನ್ನು ಆಯಾ ಕಡೆಯೇ ಹೇಳಿದ್ದೇನೆ.

ನೀಲಿ ಬಣ್ಣ ಬಳಿದು ಗಾಲಿಕುರ್ಚಿಯ ಚಿತ್ರ ಬರೆಸಿದರೆ ಸಾಲದೇ?

ಸಾಲದು. ಚಿತ್ರ ಇರುವುದು ಬೇರೆಯವರು ಅಲ್ಲಿ ನಿಲ್ಲಿಸದಿರಲಿ ಎಂದು. ಚಾಲಕರ ಉಪಯೋಗಕ್ಕೆ ಬರುವುದು ಆ ಚೌಕದ ಪಕ್ಕದಲ್ಲಿ ಓರೆ ಗೆರೆ ಎಳೆದು ಖಾಲಿ ಬಿಟ್ಟ ಪಟ್ಟಿ.

ಗಾಲಿಕುರ್ಚಿ ಬಳಸುವ ಚಾಲಕರೊಬ್ಬರು ಕಾರಿನಿಂದ ಇಳಿಯುವುದನ್ನು ಒಮ್ಮೆ ನಿಂತು ನೋಡಿ. ಬಾಗಿಲನ್ನು ಅದು ಹೋಗುವಷ್ಟೂ ತೆರೆಯುತ್ತಾರೆ. ಸೀಟನ್ನು ಹಿಂದಕ್ಕೆ ಸರಿಸಿ, ಪಕ್ಕದ ಸೀಟಿನಲ್ಲಿಟ್ಟಿದ್ದ ಕುರ್ಚಿಯ ಚೌಕಟ್ಟನ್ನು ತಮ್ಮ ಎದೆಯ ಮೇಲಿಂದಲೇ ಎತ್ತಿ ಹೊರಗಿಡುತ್ತಾರೆ. ಆಮೇಲೆ ಒಂದೊಂದೇ ಚಕ್ರವನ್ನು ತೆಗೆದು ಅಚ್ಚಿಗೆ ಸೇರಿಸುತ್ತಾರೆ. ಮೆತ್ತೆ ಹಾಕಿ, ಕುರ್ಚಿಯನ್ನು ಸೀಟಿಗೆ ಓರೆಯಾಗಿ ತಂದು, ಬ್ರೇಕ್ ಬಿಗಿದು, ಒಂದು ಕೈಯನ್ನು ಕುರ್ಚಿಯ ಮೇಲೂ ಇನ್ನೊಂದನ್ನು ಸೀಟಿನ ಮೇಲೂ ಊರಿ ಮೈಯನ್ನು ಎತ್ತಿ ದಾಟಿಸುತ್ತಾರೆ. ಕೊನೆಗೆ ಕಾಲುಗಳನ್ನು ಕೈಯಿಂದ ಎತ್ತಿ ಪಾದಹಲಗೆಯ ಮೇಲಿಟ್ಟುಕೊಂಡು ಹಿಂದೆ ಸರಿದು ಬಾಗಿಲು ಹಾಕುತ್ತಾರೆ. ಇಷ್ಟೂ ನಡೆಯುವುದು ಆ ಪಟ್ಟಿಯ ಮೇಲೆ. ಅಲ್ಲಿ ಯಾರದೋ ಬೈಕ್ ನಿಂತಿದ್ದರೆ ನೀಲಿ ಚೌಕ ಖಾಲಿಯಿದ್ದೂ ಉಪಯೋಗವಿಲ್ಲ. ಅದಕ್ಕಿಂತ ಕೆಟ್ಟದ್ದು, ಇಳಿಯುವಾಗ ಖಾಲಿಯಿದ್ದ ಪಟ್ಟಿ ಮರಳುವ ಹೊತ್ತಿಗೆ ತುಂಬಿರುವುದು. ಕಾರು ಕಣ್ಣೆದುರಿಗೇ ಇರುತ್ತದೆ, ಹತ್ತಲು ಆಗುವುದಿಲ್ಲ.

ನಕ್ಷೆ ಪರಿಶೀಲಿಸುವಾಗ ನಾನು ಮೊದಲು ಹುಡುಕುವುದು ಈ ಪಟ್ಟಿಯನ್ನು. ಚಿತ್ರ ಆಮೇಲೆ.

ಅಳತೆ ಎಷ್ಟಿರಬೇಕು?

ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ಅಗಲ ಕನಿಷ್ಠ 3.6 ಮೀಟರ್. ಪ್ರವೇಶದ್ವಾರದಿಂದ ಇರುವ ದೂರ 30 ಮೀಟರ್ ಮೀರುವಂತಿಲ್ಲ. 3.6 ಎಂದರೆ ಕಾರಿಗೆ 2.4, ಪಟ್ಟಿಗೆ 1.2. ಉದ್ದ 5 ಮೀಟರಿಗೆ ಕಡಿಮೆಯಾಗದಿರಲಿ.

ಅಕ್ಕಪಕ್ಕದ ಎರಡು ಜಾಗಗಳು ನಡುವಿನ ಒಂದೇ ಪಟ್ಟಿಯನ್ನು ಹಂಚಿಕೊಳ್ಳಬಹುದು. ಆಗ 2.4, 1.2, 2.4 ಸೇರಿ ಒಟ್ಟು 6 ಮೀಟರ್ ಆಗುತ್ತದೆ. ನಿಮ್ಮಲ್ಲಿ ಸಾಮಾನ್ಯ ಜಾಗದ ಅಗಲ 2.5 ಮೀಟರ್ ಎಂದಿಟ್ಟುಕೊಂಡರೆ, ಮೂರು ಸಾಮಾನ್ಯ ಜಾಗಗಳ 7.5 ಮೀಟರಿನಲ್ಲಿ ಎರಡು ಇಂಥವು ಕುಳಿತು ಇನ್ನೂ ಒಂದೂವರೆ ಮೀಟರ್ ಮಿಗುತ್ತದೆ. ಆ ಒಂದೂವರೆ ಮೀಟರನ್ನು ಹೂಕುಂಡಕ್ಕೆ ಕೊಡಬೇಡಿ. ಅದರ ಉಪಯೋಗ ಮುಂದೆ ಬರುತ್ತದೆ.

ಪಟ್ಟಿ ಎಡಕ್ಕೆ ಇರಬೇಕೋ ಬಲಕ್ಕೋ?

ಕೇಳಬೇಕಾದ ಪ್ರಶ್ನೆ, ಆದರೆ ಕೇಳುವವರು ಕಡಿಮೆ. ನಮ್ಮ ಕಾರುಗಳಲ್ಲಿ ಚಾಲಕರು ಕೂರುವುದು ಬಲಗಡೆ. ಕಾರನ್ನು ಮುಂದಾಗಿ ನುಗ್ಗಿಸಿ ನಿಲ್ಲಿಸಿದರೆ ಅವರಿಗೆ ಬಲಗಡೆ ಪಟ್ಟಿ ಬೇಕು. ಹಿಂದಾಗಿ ತಂದು ನಿಲ್ಲಿಸಿದರೆ ಅದೇ ಪಟ್ಟಿ ನೋಡುವವರ ಎಡಕ್ಕೆ ಬರುತ್ತದೆ. ಅಮೆರಿಕದ ನಕ್ಷೆಗಳನ್ನು ಹಾಗೆಯೇ ಇಳಿಸಿಕೊಂಡರೆ ಎಡವಟ್ಟಾಗುವುದು ಇಲ್ಲೇ. ಅಲ್ಲಿ ಚಾಲಕರ ಸೀಟು ಎಡಕ್ಕೆ ಇದೆ.

ನೇರವಾಗಿ, ಅಂದರೆ ದಾರಿಗೆ 90 ಡಿಗ್ರಿಯಲ್ಲಿ ನಿಲ್ಲಿಸುವ ಜಾಗವಾದರೆ ತೊಂದರೆ ಸಣ್ಣದು. ಚಾಲಕರು ತಮಗೆ ಬೇಕಾದಂತೆ ಮುಂದಾಗಿಯೋ ಹಿಂದಾಗಿಯೋ ನಿಲ್ಲಿಸಿಕೊಳ್ಳುತ್ತಾರೆ. ವಿಕಲಚೇತನರು ಚಾಲಕರಲ್ಲದೆ ಎಡಗಡೆಯ ಸೀಟಿನಲ್ಲಿ ಕೂತು ಬಂದಿದ್ದರೂ ಅದೇ ಉಪಾಯ ನಡೆಯುತ್ತದೆ. ಓರೆ ಪಾರ್ಕಿಂಗ್‌ನಲ್ಲಿ ಈ ಆಯ್ಕೆ ಇಲ್ಲ, ಕಾರು ಒಂದೇ ದಿಕ್ಕಿನಲ್ಲಿ ಒಳಗೆ ಹೋಗುತ್ತದೆ. ಹಾಗಾಗಿ ಓರೆ ಸಾಲಿನಲ್ಲಿ ಪ್ರತಿಯೊಂದು ಜಾಗಕ್ಕೂ ಬಲಗಡೆ ಪಟ್ಟಿ ಕೊಡಿ. ಸಾಧ್ಯವಾದರೆ ಎರಡೂ ಕಡೆ ಕೊಡಿ.

ಒಂದು ಕಡೆ ಗೋಡೆ ಇರುವ ಮೂಲೆಯ ಜಾಗವನ್ನು ‘ಅಗಲ ಇದೆ’ ಎಂದು ಮೀಸಲಿಡುವುದು ರೂಢಿ. ಗೋಡೆ ಯಾವ ಕಡೆಗಿದೆ, ಪಟ್ಟಿ ಯಾವ ಕಡೆಗೆ ಬರುತ್ತದೆ ಎಂದು ನೋಡಿಕೊಂಡು ಆಮೇಲೆ ಗೆರೆ ಎಳೆಸಿ.

ಎಷ್ಟು ಜಾಗ ಮೀಸಲಿಡಬೇಕು?

ಮಾದರಿ ಉಪವಿಧಿ ಹೇಳುವುದು ಪ್ರವೇಶದ್ವಾರದ ಹತ್ತಿರ ಎರಡು ಕಾರಿನ ಜಾಗ. ನೂರಾರು ಕಾರು ಬರುವ ಕಡೆಗೆ ಎರಡು ಏನೇನೂ ಸಾಲದು. ಹೋಲಿಕೆಗೆ ಅಮೆರಿಕದ ಲೆಕ್ಕ ಹೇಳುತ್ತೇನೆ. ಅಲ್ಲಿ 25 ಕಾರುಗಳವರೆಗೆ ಒಂದು, 50ರವರೆಗೆ ಎರಡು, 75ರವರೆಗೆ ಮೂರು, 100ರವರೆಗೆ ನಾಲ್ಕು, 501ರಿಂದ 1000ದವರೆಗೆ ಶೇಕಡ 2. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಶೇಕಡ 10, ಹೊರರೋಗಿಗಳ ಫಿಸಿಯೋಥೆರಪಿ ಕೇಂದ್ರಕ್ಕೆ ಶೇಕಡ 20. ಆ ಕೊನೆಯ ಎರಡು ಅಂಕಿಗಳ ಹಿಂದಿನ ತರ್ಕ ನಮಗೂ ಒಪ್ಪುತ್ತದೆ. ಮಂಡಿ ಶಸ್ತ್ರಚಿಕಿತ್ಸೆ ಮಾಡುವ ಜಾಗಕ್ಕೂ ಮೊಬೈಲ್ ಅಂಗಡಿಗೂ ಒಂದೇ ಲೆಕ್ಕ ಹಿಡಿಯುವುದು ಸರಿಯಲ್ಲ.

ನೆಲಮಾಳಿಗೆಯಲ್ಲಿ ಕೊಡಬಹುದೇ?

ಲಿಫ್ಟ್ ಇದ್ದರೆ ಕೊಡಬಹುದು. ಆಗ 30 ಮೀಟರನ್ನು ಲಿಫ್ಟಿನ ಬಾಗಿಲಿನಿಂದ ಅಳೆಯಿರಿ. ಆದರೆ ಬೆಂಗಳೂರಿನ ನೆಲಮಾಳಿಗೆಗಳಿಗೆ ಮೂರು ಕಾಯಿಲೆಗಳಿವೆ.

ಒಂದು, ಲಿಫ್ಟಿನ ಮುಂದಿನ ಮೆಟ್ಟಿಲು. ಜೋರು ಮಳೆ ಬಂದರೆ ಒಳಗೆ ನೀರು ನುಗ್ಗುತ್ತದೆ ಎಂಬ ಭಯಕ್ಕೆ ಲಿಫ್ಟಿನ ಮೊಗಸಾಲೆಯನ್ನು ನೆಲಕ್ಕಿಂತ ಒಂದು ಮೆಟ್ಟಿಲು ಎತ್ತರಿಸಿರುತ್ತಾರೆ. ಭಯ ನ್ಯಾಯವಾದದ್ದೇ. ಆದರೆ 150 ಮಿಲಿಮೀಟರ್ ಎತ್ತರಕ್ಕೆ 1:12ರ (ಹನ್ನೆರಡು ಅಳತೆ ಉದ್ದಕ್ಕೆ ಒಂದು ಅಳತೆ ಏರುವ) ಇಳಿಜಾರು ಮಾಡಲು 1.8 ಮೀಟರ್ ಉದ್ದ ಬೇಕು. ಅದನ್ನು ನಕ್ಷೆಯಲ್ಲೇ ಬಿಡದಿದ್ದರೆ ಆಮೇಲೆ ಗಾರೆಯವರು ಒಂದು ಅಡಿಯಲ್ಲಿ ಮುಗಿಸಿಬಿಡುತ್ತಾರೆ. ಅಂಥ ಇಳಿಜಾರಿನಲ್ಲಿ ಹತ್ತಲು ಹೋದ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಎರಡು, ಕಂಬಗಳು. ಕಾರಿನ ಬಾಗಿಲು ತೆರೆದುಕೊಳ್ಳುವ ಜಾಗಕ್ಕೇ ಕಂಬ ಬಂದರೆ ಪಟ್ಟಿ ಎಷ್ಟು ಅಗಲವಿದ್ದೂ ಸುಖವಿಲ್ಲ. ಮೂರು, ನೀರು ಹರಿಯುವ ಚರಂಡಿಯ ಜಾಲರಿ. ಅದರ ಸಂದುಗಳು ಕುರ್ಚಿ ಸಾಗುವ ದಿಕ್ಕಿನಲ್ಲೇ ಉದ್ದಕ್ಕಿದ್ದರೆ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಜಾಲರಿಯನ್ನು ಅಡ್ಡಕ್ಕೆ ತಿರುಗಿಸಿ ಹಾಕಿಸಿ, ಅಷ್ಟೇ.

ಕುರ್ಚಿಯಲ್ಲಿ ಕೂತವರನ್ನು ಹಿಂಬಾಗಿಲಿನಿಂದ ಹತ್ತಿಸುವ ವಾಹನಗಳು ಎತ್ತರವಾಗಿರುತ್ತವೆ. ಅಮೆರಿಕದಲ್ಲಿ ವ್ಯಾನ್ ಜಾಗಕ್ಕೆ ಸುಮಾರು 2.5 ಮೀಟರ್ ಎತ್ತರ ಬಿಡುತ್ತಾರೆ. ನಿಮ್ಮ ನೆಲಮಾಳಿಗೆಯಲ್ಲಿ ಪೈಪುಗಳು ತಗ್ಗಿನಲ್ಲಿ ಹಾದಿದ್ದರೆ ಒಂದು ಜಾಗವನ್ನಾದರೂ ಮೇಲೆ, ಬಯಲಿನಲ್ಲಿ ಕೊಡಿ. ಅದಕ್ಕೊಂದು ತಗಡಿನ ಚಪ್ಪರವಿರಲಿ. ಚಕ್ರ ಜೋಡಿಸುವ ಕೆಲಸವನ್ನು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಮಾಡಲು ಮೂರನೆಯ ಕೈ ಬೇಕಾಗುತ್ತದೆ.

ನಮ್ಮಲ್ಲಿಗೆ ಕಾರು ಓಡಿಸಿಕೊಂಡು ವಿಕಲಚೇತನರು ಬರುವುದೇ ಇಲ್ಲ. ಜಾಗ ಸುಮ್ಮನೆ ಖಾಲಿ ಬಿದ್ದಿರುತ್ತದಲ್ಲ?

ಅವರು ಬರುವುದು ಸ್ಕೂಟರಿನಲ್ಲಿ. ಹಿಂದಿನ ಚಕ್ರದ ಎರಡೂ ಬದಿಗೆ ಇನ್ನೆರಡು ಚಕ್ರ ಜೋಡಿಸಿದ ಸ್ಕೂಟರುಗಳನ್ನು ಈ ಊರಿನಲ್ಲಿ ಯಾವ ಸಿಗ್ನಲ್‌ನಲ್ಲಿ ನಿಂತರೂ ಕಾಣಬಹುದು. ರಾಜ್ಯ ಸರ್ಕಾರವೇ ದೈಹಿಕ ವಿಕಲಚೇತನರಿಗೆ ಇವನ್ನು ‘ಯಂತ್ರಚಾಲಿತ ದ್ವಿಚಕ್ರ ವಾಹನ’ ಎಂಬ ಹೆಸರಿನಲ್ಲಿ ವಿತರಿಸುತ್ತದೆ. ಅಷ್ಟಾದರೂ ಮಾರ್ಗಸೂಚಿಗಳೂ ಪಾರ್ಕಿಂಗ್ ನಕ್ಷೆಗಳೂ ಮಾತನಾಡುವುದು ಕಾರಿನ ಬಗ್ಗೆಯೇ. ಬೆಂಗಳೂರಿನಲ್ಲಿ ವಿಕಲಚೇತನ ಚಾಲಕರಿಗಾಗಿ ಜಾಗ ಮಾಡುತ್ತೇವೆ ಎಂದು ಹೊರಟವರು ಈ ಸ್ಕೂಟರನ್ನು ಬಿಟ್ಟರೆ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಬಿಟ್ಟ ಹಾಗೆ. ಇದು ನನ್ನ ಅಭಿಪ್ರಾಯ, ಬದಲಾಗುವ ಲಕ್ಷಣ ಇಲ್ಲ.

ಸಾಮಾನ್ಯ ದ್ವಿಚಕ್ರ ವಾಹನಗಳ ಪಾರ್ಕಿಂಗ್‌ನಲ್ಲಿ ಇವುಗಳ ಪಾಡು ನೋಡಬೇಕು. ಕಾವಲುಗಾರರು ಗಾಡಿಗಳ ಹಿಂಭಾಗ ಎತ್ತಿ ಪಕ್ಕಕ್ಕೆ ಸರಿಸಿ, ಇನ್ನೊಂದಕ್ಕೆ ಸಂದು ಮಾಡಿಕೊಡುವುದು ನಮ್ಮಲ್ಲಿ ಮಾಮೂಲು. ಪಕ್ಕದ ಚಕ್ರವಿರುವ ಸ್ಕೂಟರನ್ನು ಹಾಗೆ ಎತ್ತಿ ಸರಿಸಲು ಬರುವುದಿಲ್ಲ. ಎಳೆದರೆ ಜೋಡಿಸಿದ ಕಬ್ಬಿಣ ಬಾಗುತ್ತದೆ. ಅದರ ಎರಡೂ ಬದಿಗೆ ಬೈಕುಗಳನ್ನು ಒತ್ತಿ ನಿಲ್ಲಿಸಿದರೆ, ಊರುಗೋಲು ಹಿಡಿದು ಬಂದವರು ಗಾಡಿ ಏರುವುದಕ್ಕೇ ದಾರಿ ಇರುವುದಿಲ್ಲ. ಇಂಥ ಅನೇಕ ಗಾಡಿಗಳಿಗೆ ಹಿಂದಕ್ಕೆ ಹೋಗುವ ಗೇರ್ ಕೂಡ ಇಲ್ಲ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಮೇಲೆ ಯಾರಾದರೂ ಹಿಂದಕ್ಕೆ ಎಳೆದುಕೊಡುವವರೆಗೆ ಕಾಯುವುದೇ ಗತಿ.

ಹಾಗಾದರೆ ಸ್ಕೂಟರಿಗೆ ಯಾವ ತರಹದ ಜಾಗ?

ಇದಕ್ಕೆ ನಾನು ಬಳಸುವ ಅಳತೆ ಹೇಳುತ್ತೇನೆ, ಇದು ನಿಯಮವಲ್ಲ. ಗಾಡಿಗೆ 1.5 ಮೀಟರ್ ಅಗಲ, ಪಕ್ಕದಲ್ಲಿ ಇಳಿಯಲು ಕಾರಿನ ಪಟ್ಟಿಯಷ್ಟೇ ಜಾಗ. ಮೇಲೆ ಮೂರು ಕಾರಿನ ಜಾಗದಲ್ಲಿ ಮಿಕ್ಕಿತಲ್ಲ ಒಂದೂವರೆ ಮೀಟರ್, ಅದು ಇದಕ್ಕೆ. ಪಕ್ಕದಲ್ಲಿ ನಡೆದಾಡುವ ದಾರಿ ಇದ್ದರೆ ಅದನ್ನೇ ಇಳಿಯುವ ಪಟ್ಟಿಯಾಗಿಯೂ ಬಳಸಬಹುದು. ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಮುಂದಕ್ಕೇ ಹೊರಡುವಂತಿದ್ದರೆ ಅತ್ಯುತ್ತಮ. ಊರುಗೋಲು ಒರಗಿಸಲು, ಕೈ ಊರಿ ಏಳಲು ಸೊಂಟದ ಎತ್ತರಕ್ಕೆ ಒಂದು ಗಟ್ಟಿ ಕಂಬಿ ಹಾಕಿಸಿ. ಅದಕ್ಕೆ ತಗಲುವ ಖರ್ಚನ್ನು ಬಣ್ಣದ ಡಬ್ಬಿಯ ಖರ್ಚಿನ ಜೊತೆಗೇ ಸೇರಿಸಬಹುದು.

ನೆಲ ಹೇಗಿರಬೇಕು?

ಗಟ್ಟಿಯಾಗಿ, ಸಮತಟ್ಟಾಗಿ, ಜಾರದಂತೆ. ನೀರು ಹರಿಯುವಷ್ಟು ಓಟ ಇದ್ದರೆ ಸಾಕು, 1:50 ಮೀರದಿರಲಿ. ಇಳಿಜಾರಿನಲ್ಲಿ ಗಾಲಿಕುರ್ಚಿ ತಾನೇ ಉರುಳಿ ಹೋಗುತ್ತದೆ, ಅದೂ ಚಾಲಕರು ಅರ್ಧ ಸೀಟಿನಲ್ಲಿ, ಅರ್ಧ ಕುರ್ಚಿಯಲ್ಲಿ ಇರುವಾಗ.

ಹುಲ್ಲು ಬೆಳೆಯುವ ತೂತುಗಲ್ಲು, ಜಲ್ಲಿ, ಒರಟು ಚಪ್ಪಡಿ ಬೇಡವೇ ಬೇಡ. ಇಂಟರ್‌ಲಾಕ್ ಕಲ್ಲು ಹೊಸದಿದ್ದಾಗ ಚೆನ್ನ; ಕೆಳಗಿನ ಮರಳು ಮಳೆಗೆ ಕೊಚ್ಚಿಹೋದ ಮೇಲೆ ಒಂದೊಂದು ಕಲ್ಲು ಒಂದೊಂದು ದಿಕ್ಕಿಗೆ ವಾಲುತ್ತದೆ. ಮಳೆಮರದ ನೆರಳು ಎಷ್ಟೇ ತಂಪಾಗಿದ್ದರೂ ಅದರ ಬುಡಕ್ಕೆ ಈ ಜಾಗ ತರಬೇಡಿ, ಬೇರು ನೆಲವನ್ನು ಎತ್ತುತ್ತದೆ.

ರಸ್ತೆ ಬದಿಯಲ್ಲಿ ಉದ್ದಕ್ಕೆ ನಿಲ್ಲಿಸುವ ಕಡೆ ಏನು ಮಾಡಬೇಕು?

ಎಲ್ಲಕ್ಕಿಂತ ಕಷ್ಟದ ಜಾಗ ಇದು. ರಸ್ತೆಯ ಎಡಕ್ಕೆ ಫುಟ್‌ಪಾತ್‌ಗೆ ಒತ್ತಿ ನಿಲ್ಲಿಸಿದ ಕಾರಿನಲ್ಲಿ ಚಾಲಕರ ಬಾಗಿಲು ತೆರೆಯುವುದು ಬಸ್ಸು, ಆಟೋಗಳ ಕಡೆಗೆ. ಕುರ್ಚಿ ಜೋಡಿಸುವಷ್ಟು ಹೊತ್ತು ಅಲ್ಲಿ ಬಾಗಿಲು ತೆರೆದಿಡುವ ಧೈರ್ಯ ಯಾರಿಗಿದೆ?

ಏಕಮುಖ ರಸ್ತೆಯಾದರೆ ದಾರಿ ಇದೆ. ಬಲಗಡೆಯ ಸಾಲಿನಲ್ಲಿ ಜಾಗ ಕೊಡಿ, ಚಾಲಕರು ನೇರ ಫುಟ್‌ಪಾತ್ ಕಡೆಗೇ ಇಳಿಯುತ್ತಾರೆ. ನಗರದ ನಡುವೆ ಏಕಮುಖ ರಸ್ತೆಗಳಿಗೆ ಬರವಿಲ್ಲ, ಈ ಸಣ್ಣ ಲಾಭವನ್ನು ಪಡೆದವರು ಮಾತ್ರ ಕಡಿಮೆ. ದ್ವಿಮುಖ ರಸ್ತೆಯಲ್ಲಿ ಕಾರಿನ ಹೊರಬದಿಗೆ 1.2 ಮೀಟರ್ ಪಟ್ಟಿ ಸೇರಿಸಿ, ಇಡೀ ಜಾಗವನ್ನು ಫುಟ್‌ಪಾತಿನ ಕಡೆಗೆ ಒಳಕ್ಕೆ ತಳ್ಳಬೇಕು. ಅದಾಗದಿದ್ದರೆ ಅಡ್ಡರಸ್ತೆಯಲ್ಲಿ, ಮೂಲೆಯಿಂದ ಮೊದಲ ಜಾಗ ಕೊಡುವುದು ಮುಖ್ಯರಸ್ತೆಯ ಜಾಗಕ್ಕಿಂತ ಎಷ್ಟೋ ಮೇಲು.

ಯಾವುದೇ ಆಗಲಿ, ಇಳಿದ ಜಾಗದ ಹತ್ತಿರವೇ ಫುಟ್‌ಪಾತ್ ಏರಲು ಇಳಿಜಾರು ಬೇಕು. ಇಲ್ಲದಿದ್ದರೆ ಕುರ್ಚಿಯಲ್ಲಿ ಕೂತವರು ವಾಹನಗಳ ಎದುರಿಗೆ ರಸ್ತೆಯಲ್ಲೇ ಸಾಗಬೇಕಾಗುತ್ತದೆ. ಇಳಿಜಾರನ್ನು ಇಳಿಯುವ ಪಟ್ಟಿಯ ಒಳಕ್ಕೆ ಚಾಚಬೇಡಿ.

ನಮ್ಮಲ್ಲಿ ವ್ಯಾಲೆ ಪಾರ್ಕಿಂಗ್ ಇದೆ. ಅದು ಸಾಕಲ್ಲವೇ?

ಸಾಕಾಗದು. ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಕೈಗೆ ಜೋಡಿಸಿದ ಕಾರನ್ನು ಅಭ್ಯಾಸವಿಲ್ಲದ ಹುಡುಗನ ಕೈಗೆ ಕೊಡಲು ಯಾವ ಮಾಲೀಕರೂ ಒಪ್ಪುವುದಿಲ್ಲ. ಇಳಿಯುವ ಕ್ರಿಯೆಯೂ ಬಾಗಿಲಿನ ಮುಂದೆ, ಹಿಂದಿನ ಕಾರುಗಳ ಹಾರ್ನ್ ಕೇಳುತ್ತಾ ನಡೆಯಬೇಕಾಗುತ್ತದೆ.

ಯಂತ್ರದ ಪಾರ್ಕಿಂಗ್?

ಒಂದರ ಮೇಲೊಂದು ಕಾರು ಇಡುವ ತಟ್ಟೆಗಳ ಮೇಲೆ ಗಾಲಿಕುರ್ಚಿಗೆ ಇಳಿಯಲು ಜಾಗವಿಲ್ಲ. ಈ ಚಾಲಕರಿಗೆ ಯಂತ್ರದ ಹೊರಗೆ, ನೆಲದ ಮೇಲೇ ಜಾಗ ಕೊಡಿ.

ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಜಾಗವೂ ಹಂಚಿಕೆಯಾಗಿದೆ. ಈಗ ನಿವಾಸಿಯೊಬ್ಬರಿಗೆ ಲಿಫ್ಟಿನ ಹತ್ತಿರ ಜಾಗ ಬೇಕಾಗಿದೆ.

ಮೊದಲು ಅದಲುಬದಲು ಕೇಳಿ ನೋಡಿ. ಲಿಫ್ಟಿನ ಪಕ್ಕದ ಜಾಗದವರ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ಕೇಳಿದ ಮಾತು ಸಂಘದ ಇ-ಮೇಲ್‌ಗಿಂತ ಬೇಗ ಕೆಲಸ ಮಾಡುತ್ತದೆ. ಆಗದಿದ್ದರೆ ಅತಿಥಿಗಳ ಜಾಗ ನೋಡಿ.

ಕಾನೂನಿನ ಹಿನ್ನೆಲೆ ಇಷ್ಟು: ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ತೆರೆದ ಪಾರ್ಕಿಂಗ್ ಜಾಗವನ್ನು ಸಾಮಾನ್ಯ ಪ್ರದೇಶದ ಪಟ್ಟಿಯಲ್ಲಿ ಸೇರಿಸಿದೆ. ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗ್ ಅನ್ನು ಬಿಲ್ಡರ್ ಬೇರೆ ಸೊತ್ತಿನಂತೆ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ಮಹಾರಾಷ್ಟ್ರದ ಕಾಯ್ದೆಯಡಿ ಬಂದ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ‘ದುಡ್ಡು ಕೊಟ್ಟು ಕೊಂಡದ್ದು, ಮುಟ್ಟುವಂತಿಲ್ಲ’ ಎಂಬ ವಾದ ಮಾಲೀಕರು ಅಂದುಕೊಂಡಷ್ಟು ಗಟ್ಟಿಯಲ್ಲ. ಆದರೂ ನೆರೆಹೊರೆಯವರ ಜೊತೆ ಕೋರ್ಟಿಗೆ ಹೋಗುವುದು ಕೊನೆಯ ಮಾತಾಗಲಿ.

ಮೀಸಲು ಜಾಗದಲ್ಲಿ ಬೇರೆಯವರು ನಿಲ್ಲಿಸದಂತೆ ಸರಪಳಿ ಕಟ್ಟಿದ್ದೇವೆ. ಸರಿಯೇ?

ಸರಪಳಿ ಬಿಚ್ಚುವವರು ಯಾರು? ಚಾಲಕರು ಕಾರಿನಿಂದ ಇಳಿದು ಬಿಚ್ಚಬೇಕು, ಇಳಿಯಲು ಜಾಗ ಬೇಕು, ಜಾಗಕ್ಕೆ ಸರಪಳಿ ಇದೆ. ಕಿತ್ತಳೆ ಬಣ್ಣದ ಕೋನುಗಳ ಕಥೆಯೂ ಇದೇ. ಪಟ್ಟಿಯ ಮೇಲೆ ಕೋನು ಇಡುವುದಾದರೆ, ನೀಲಿ ಚೌಕಕ್ಕೆ ಯಾವುದೇ ಗಾಡಿ ತಿರುಗಿದರೂ ಎದ್ದು ಬರುವ ಮನುಷ್ಯ ಹತ್ತಿರದಲ್ಲಿರಬೇಕು.

ಅಸಲಿ ಕೆಲಸ ಕಾವಲುಗಾರರದು. ದೊಡ್ಡ ಕಾರಿನವರು ‘ಐದೇ ನಿಮಿಷ’ ಎಂದಾಗ ಇಲ್ಲ ಎನ್ನುವ ಅಧಿಕಾರ ಅವರಿಗೆ ಇರುವುದಿಲ್ಲ. ಇಲ್ಲವೆಂದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ. ಆಡಳಿತದವರು ಲಿಖಿತ ಆದೇಶ ಕೊಟ್ಟು, ಗಲಾಟೆಯಾದರೆ ಯಾವ ಮ್ಯಾನೇಜರಿಗೆ ಫೋನ್ ಮಾಡಬೇಕೆಂದು ಹೇಳಿಕೊಡಬೇಕು. ಆ ಮ್ಯಾನೇಜರ್ ಫೋನ್ ಎತ್ತಬೇಕು.

ಯಾರು ಅರ್ಹರು ಎಂದು ಗುರುತಿಸುವುದು ಹೇಗೆ? ಕೆಲವರು ಚೆನ್ನಾಗಿ ನಡೆದುಕೊಂಡೇ ಹೋಗುತ್ತಾರೆ.

ಕೃತಕ ಕಾಲು ಪ್ಯಾಂಟಿನ ಒಳಗೆ ಕಾಣುವುದಿಲ್ಲ. ಹೃದಯದ, ಶ್ವಾಸಕೋಶದ ತೊಂದರೆಯೂ ಹೊರಗೆ ಕಾಣುವುದಿಲ್ಲ. ಇಪ್ಪತ್ತು ಹೆಜ್ಜೆ ಸಲೀಸಾಗಿ ನಡೆದವರು ಇನ್ನೂರನೆಯ ಹೆಜ್ಜೆಗೆ ಕುಸಿಯಬಹುದು. ನಡಿಗೆ ನೋಡಿ ತೀರ್ಪು ಕೊಡುವ ಕೆಲಸವನ್ನು ಕಾವಲುಗಾರರಿಗೆ ಒಪ್ಪಿಸಬೇಡಿ.

ಬ್ರಿಟನ್ನಿನ ಬ್ಲೂ ಬ್ಯಾಡ್ಜ್ ತರಹ ದೇಶಕ್ಕೆಲ್ಲ ಒಂದೇ ಪಾರ್ಕಿಂಗ್ ಚೀಟಿ ನಮ್ಮಲ್ಲಿಲ್ಲ. ಕೇಳಬಹುದಾದದ್ದು ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಚೀಟಿ, ಅಥವಾ ವಾಹನವನ್ನು ವಿಕಲಚೇತನರಿಗಾಗಿ ಮಾರ್ಪಡಿಸಿದ್ದು ಎಂದು ತೋರಿಸುವ ಆರ್‌ಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಇಂಥ ಗಾಡಿಗಳ ಹಳೆಯ ಅವಮಾನಕರ ಹೆಸರನ್ನು ತೆಗೆದು ‘ಮಾರ್ಪಡಿಸಿದ ವಾಹನ’ ಎಂದಿದೆ. ಗಾಜಿಗೆ ಅಂಟಿಸಿದ ಸ್ಟಿಕರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಅದನ್ನು ನೆಚ್ಚಬೇಡಿ. ದಿನವೂ ಬರುವವರನ್ನು ಪ್ರತಿದಿನ ಚೀಟಿ ಕೇಳುವುದೂ ಬೇಡ.

ಫಲಕ ಎಲ್ಲಿರಬೇಕು?

ನೆಲದ ಚಿತ್ರ ಕಾರಿನಡಿ ಮುಚ್ಚಿಹೋಗುತ್ತದೆ, ಆದ್ದರಿಂದ ಕಂಬದ ಮೇಲೆ ಫಲಕ ಬೇಕು. ಕೆಳ ಅಂಚು ನೆಲದಿಂದ ಒಂದೂವರೆ ಮೀಟರ್ ಇರಲಿ. ಕನ್ನಡದಲ್ಲಿ ‘ವಿಕಲಚೇತನರಿಗೆ ಮೀಸಲು’ ಎಂದು ಬರೆಸಿ. ಗೇಟಿನಿಂದಲೇ ಬಾಣದ ಗುರುತು ಶುರುವಾಗಲಿ. ಗಾಲಿಕುರ್ಚಿಯ ಈ ಚಿಹ್ನೆಯನ್ನು 1968ರಲ್ಲಿ ಡೆನ್ಮಾರ್ಕಿನ ಸುಸಾನ್ ಕೋಫೋಡ್ ಬರೆದಾಗ ಅದರಲ್ಲಿ ಬರೀ ಕುರ್ಚಿ ಇತ್ತು. ಮನುಷ್ಯನ ತಲೆಯನ್ನು ಆಮೇಲೆ ಸೇರಿಸಿದರು. ಈಗಲೂ ಕೆಲವು ಫಲಕಗಳಲ್ಲಿ ಪೇಂಟರುಗಳು ತಲೆಯನ್ನು ಮರೆತಿರುತ್ತಾರೆ.

ಮಾಡದಿದ್ದರೆ ಏನಾಗುತ್ತದೆ?

ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳಿಗೂ ಅನ್ವಯಿಸುತ್ತದೆ. ಮಾಲ್, ಚಿತ್ರಮಂದಿರ, ಕಲ್ಯಾಣ ಮಂಟಪ ಯಾವುದೂ ಹೊರತಲ್ಲ. ಅದರ 44ನೇ ಕಲಂ ಪ್ರಕಾರ ಸುಗಮ್ಯತೆಯ ಮಾನದಂಡ ಪಾಲಿಸದ ನಕ್ಷೆಗೆ ಅನುಮತಿಯನ್ನಾಗಲಿ, ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ. ಹಳೆಯ ಕಟ್ಟಡಗಳಿಗೆ ನಿಯಮ ಬಂದಂದಿನಿಂದ ಐದು ವರ್ಷದ ಗಡುವು ಇತ್ತು. ನಿಯಮ ಬಂದದ್ದು 2017ರಲ್ಲಿ. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಎಂದು 89ನೇ ಕಲಂ ಹೇಳುತ್ತದೆ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಅಧಿನಿಯಮದ ಆಶಯಕ್ಕೇ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ‘ಮಾರ್ಗಸೂಚಿ ತಾನೇ, ಕಡ್ಡಾಯವೇನಲ್ಲ’ ಎಂದು ಇನ್ನೂ ಹೇಳುತ್ತಿರುವ ಸಲಹೆಗಾರರ ಮಾತಿಗೆ ಸಹಿ ಹಾಕುವ ಮುನ್ನ ಯೋಚಿಸಿ.

ದೂರು ಕೊಡಲು ರಾಜ್ಯದ ವಿಕಲಚೇತನರ ಆಯುಕ್ತರ ಕಚೇರಿ ಇದೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡೆವು ಎಂದು ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳಲ್ಲಿ ತಿಳಿಸಬೇಕು.

ರಸ್ತೆಗೆ ಹೊಸ ಡಾಂಬರು ಹಾಕಿದಾಗ ನಮ್ಮ ಕ್ಲಿನಿಕ್ ಎದುರಿನ ಗುರುತು ಮುಚ್ಚಿಹೋಯಿತು. ಯಾರನ್ನು ಕೇಳಬೇಕು?

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳಿವೆ. ನಿಮ್ಮ ರಸ್ತೆ ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡು ಅಲ್ಲಿನ ಎಂಜಿನಿಯರಿಗೆ ಬರೆಯಿರಿ. ಜಾಗ ಗುರುತಾಗಿದ್ದಾಗಿನ ಫೋಟೋ ಇದ್ದರೆ ಜೊತೆಗಿಡಿ. ಇಲ್ಲದವರು ಇನ್ನು ಮುಂದಾದರೂ ಒಂದು ತೆಗೆದಿಟ್ಟುಕೊಳ್ಳಿ.

ಗೆರೆ ಮತ್ತೆ ಎಳೆಸುವುದರ ಜೊತೆಗೆ ಇನ್ನೊಂದನ್ನು ನೋಡಿ. ಹೊಸ ಡಾಂಬರಿನ ಪದರ ಫುಟ್‌ಪಾತಿನ ಇಳಿಜಾರು ಮುಗಿಯುವ ಕಡೆ ಎರಡು ಬೆರಳಿನಷ್ಟು ದಪ್ಪದ ಅಂಚು ಮಾಡಿ ಬಿಟ್ಟಿರುತ್ತದೆ. ಗಾಲಿಕುರ್ಚಿಯ ಮುಂದಿನ ಚಕ್ರ ನಿಲ್ಲುವುದು ಅಲ್ಲಿಯೇ. ಗುತ್ತಿಗೆದಾರರ ಯಂತ್ರಗಳು ಬೀದಿಯಲ್ಲಿ ಇರುವಾಗಲೇ ಅದನ್ನು ಸವರಿ ಸಮ ಮಾಡಿಸಿಕೊಳ್ಳಿ. ಅವು ಮುಂದಿನ ರಸ್ತೆಗೆ ಹೋದ ಮೇಲೆ ಅದಕ್ಕಾಗಿ ಬೇರೆ ಟೆಂಡರ್ ಆಗಬೇಕು.